ಐದನೆಯ ಯತ್ನ: ಟಿವಿ ಡಿಶ್ಶು ಮತ್ತು ಹಳದಿ ಕತ್ತಿನ ಪಿಕಳಾರ

ಯುಗಾದಿಯ ಮರುವಾರ ಆನೆಗೊಂದಿಯ ಬಂಡೆಗಳ ನಡುವೆ, ಐದನೆಯ ಯತ್ನದಲ್ಲಿ, ಹಳದಿ ಕತ್ತಿನ ಪಿಕಳಾರದ ಕೂಗು ಕೊನೆಗೂ ಸ್ಪಷ್ಟವಾಗಿ ದಾಖಲಾಯಿತು. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರದ ಈ ಹಕ್ಕಿಯ ಕೂಗು ಬಿಳಿಹುಬ್ಬಿನ ಪಿಕಳಾರದ ಕೂಗನ್ನು ಹೋಲುವುದರಿಂದ, ಮಸುಕಾದ ದಾಖಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಗಾಳಿಯ ಭೋರಾಟವನ್ನು ತಡೆಯಲು ಮೈಕಿಗೆಂದು ತರಿಸಿದ ತುಪ್ಪಳದ ಹೊದಿಕೆಯ ಬದಲು, ಭಜನೆಯ ಮೈಕಿಗೆ ತೊಡಿಸುವ ಕೆಂಪು ಸ್ಪಂಜಿನ ಟೊಪ್ಪಿಗೆ ಬಂದಿತು. ಮರಳಿಸಲು ಕೇಳಿದರೆ, ಪೆಟ್ಟಿಗೆ ಕೈಸೇರುವ ಮುನ್ನಾದಿನವೇ ಅವಧಿ ಮುಗಿದಿದೆ ಎಂಬ ಉತ್ತರ! ಹಳೆಯ ಆಟಿಕೆ ಕರಡಿಯ ಚರ್ಮ ಸುಲಿದು ಆ ಕೆಲಸ ಮುಗಿಸಿದೆ.

ನಿಜವಾದ ತಲೆನೋವು, ದೂರದ ಕೂಗನ್ನು ಮೈಕಿನತ್ತ ಕೂಡಿಸಲೆಂದು ತಾರಸಿಯಿಂದ ಇಳಿಸಿದ 60 ಸೆಂಟಿಮೀಟರಿನ ಟಿವಿ ಡಿಶ್ಶಿನದಾಗಿತ್ತು. ಎದುರಿನ ಬಂಡೆಯ ಮೇಲೆ, ಕಣ್ಣಳತೆಯಲ್ಲೇ ಕುಳಿತು ಕೂಗುತ್ತಿದ್ದ ಹಕ್ಕಿಗೆ ನೇರವಾಗಿ ಅದನ್ನು ಹಿಡಿದರೂ ನಾಲ್ಕು ಬಾರಿಯೂ ಕಿವಿಗೆ ಬಿದ್ದದ್ದು ಆಕಾಶದ ಬಾನಾಡಿಗಳ ಚೀರಾಟ. ಮೈಕು ಬದಲಿಸಿದೆ, ವೈರು ಬದಲಿಸಿದೆ, ಮೈಕನ್ನು ಬೆರಳಗಲದಷ್ಟು ಹಿಂದೆ ಮುಂದೆ ಸರಿಸಿದೆ. ಡಿಶ್ಶಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಟಿವಿ ಡಿಶ್ಶು ತನ್ನ ಮುಖ ತೋರುವ ದಿಕ್ಕಿಗಿಂತ 20ರಿಂದ 25 ಡಿಗ್ರಿ ಮೇಲೆ ನೋಡುತ್ತದೆ. ಅಂದರೆ 20 ಮೀಟರ್ ದೂರದ ಹಕ್ಕಿಯ ತಲೆಯ ಮೇಲೆ ಸುಮಾರು 8 ಮೀಟರ್ ಎತ್ತರದ ಗಾಳಿಯನ್ನು ನಾನು ಶ್ರದ್ಧೆಯಿಂದ ಆಲಿಸುತ್ತಿದ್ದೆ.

ಪರಿಹಾರ ಸೂರ್ಯನಿಂದ ದೊರೆಯಿತು. ಡಿಶ್ಶಿಗೆ ಅಲ್ಲಲ್ಲಿ ಬೆಳ್ಳಿ ಬಣ್ಣದ ಹಾಳೆಯ ತುಣುಕುಗಳನ್ನು ಅಂಟಿಸಿ, ಅವುಗಳ ಬೆಳಕೆಲ್ಲ ಮೈಕಿನ ತುದಿಯಲ್ಲಿ ಕೂಡುವವರೆಗೆ ಡಿಶ್ಶನ್ನು ತಿರುಗಿಸಿದೆ. ಅದೇ ಸ್ಥಿತಿಯಲ್ಲಿ, ಬಿಸಿಲು ಒಳಗಿನಿಂದ ನೇರವಾಗಿ ಹಾದುಹೋಗುವಂತೆ ಒಂದು ಪ್ಲಾಸ್ಟಿಕ್ ನಳಿಕೆಯನ್ನು ಅಂಚಿಗೆ ಬಿಗಿದೆ. ಇನ್ನು ನಳಿಕೆಯಲ್ಲಿ ಹಕ್ಕಿ ಕಂಡರೆ ಸಾಕು, ಡಿಶ್ಶು ನೆಲ ನೋಡುತ್ತಿದೆಯೆಂದು ಜನ ನಕ್ಕರೂ ಚಿಂತೆಯಿಲ್ಲ.

ಕಾಯುತ್ತಿದ್ದಾಗ ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್ ಚಿಟ್ಟೆ ಬಂದಿತು. ಅದರ ವೇಷ ಧರಿಸುವ ಡನೈಡ್ ಎಗ್‌ಫ್ಲೈ ಹೆಣ್ಣಿನ ಹಿಂದಿನ ರೆಕ್ಕೆಯ ಮುಂದಂಚಿನಲ್ಲಿ ಒಂದೇ ಕಪ್ಪು ಚುಕ್ಕೆ. ಅಸಲಿಯಲ್ಲಿ ರೆಕ್ಕೆಯ ನಡುವೆ ಮೂರೋ ನಾಲ್ಕೋ. ಮಳೆಗಾಲ ಮುಗಿದ ಮೇಲೆ ಇವೆರಡನ್ನೂ ಜೋಡಿಸಿ ಚಿತ್ರ ತೆಗೆಯುವುದೇ ಮುಂದಿನ ಕೆಲಸ. ಎಕ್ಕದ ಸಸಿಗಳನ್ನು ಈಗಲೇ ಹಿತ್ತಲಲ್ಲಿ ನೆಟ್ಟಾಗಿದೆ, ಮನೆಯವರ ಒಪ್ಪಿಗೆ ಬಾಕಿ.

ಮರಳಿ ಹೊರಡುವಾಗ ಸ್ಟ್ಯಾಂಡಿಗೆ ಆನಿಸಿದ್ದ ಕಲ್ಲನ್ನು ಕಾಲಿನಿಂದ ಸರಿಸಿದೊಡನೆ ಹೆಡ್‌ಫೋನಿನಲ್ಲಿ ಒಗ್ಗರಣೆ ಸಿಡಿದಂತಹ ಸದ್ದು ಕೇಳಿತು. ವೈರು ಸಡಿಲವಾಯಿತೆಂದು ಮೂರು ಬಾರಿ ಅಲುಗಾಡಿಸಿದ ಮೇಲೆ ಕಣ್ಣು ಕೆಳಗಿಳಿಯಿತು: ಎರಡು ಮಾರು ದೂರದಲ್ಲಿ ಗೇಣುದ್ದದ ಗರಗಸ ಮಂಡಲದ ಹಾವೊಂದು ಸುರುಳಿಗಳನ್ನು ಒಂದಕ್ಕೊಂದು ಉಜ್ಜುತ್ತಾ ತನ್ನ ಹುರುಪೆಗಳಿಂದಲೇ ನನ್ನನ್ನು ಗದರಿಸುತ್ತಿತ್ತು. ಹಿಂದಕ್ಕೆ ಸರಿದು ನಿಂತೆ; ಅದು ಬಂಡೆಯ ಬಿರುಕಿಗೆ ಇಳಿಯುವವರೆಗಿನ 40 ಸೆಕೆಂಡುಗಳ ದಾಖಲೆಗೆ ‘ವೈರು ಸಡಿಲ’ ಎಂದೇ ಹೆಸರಿಟ್ಟಿದ್ದೇನೆ.