ಗಂಡುಮಕ್ಕಳಿಗೆ ಎಚ್‌ಪಿವಿ ಲಸಿಕೆ ಎಂತಕ್ಕೆ?

ನಾನು ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸೂಕ್ಷ್ಮಾಣುಜೀವಿಶಾಸ್ತ್ರ ಕಲಿಸುತ್ತೇನೆ ಎಂದು ತಿಳಿದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಹೆಂಗಸರಲ್ಲಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತರುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸು (ಎಚ್‌ಪಿವಿ) ಗಂಡಸರನ್ನು ಏನೂ ಮಾಡುವುದಿಲ್ಲ, ಅವರ ರೋಗನಿರೋಧಕ ಶಕ್ತಿ ಗಟ್ಟಿ, ಹಾಗಿರುವಾಗ ಹುಡುಗರಿಗೆ ಲಸಿಕೆ ಏಕೆ? ಪ್ರಶ್ನೆಯೊಳಗಿನ ಎರಡೂ ನಂಬಿಕೆಗಳು ತಪ್ಪು. ಬಾಯಿಯಲ್ಲಿ ಹೇಳಿ ಹೇಳಿ ಸಾಕಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಉಡುಪಿಯ ಒಂದು ಮದುವೆಯೂಟದಲ್ಲಿ ಎದುರಿಗೆ ಕುಳಿತಿದ್ದವರೊಬ್ಬರು, "ಮಗಳಿಗೆ ಹಾಕಿಸಿ ಆಯ್ತು ಮೇಡಂ, ಮಗನಿಗೆ ಎಂತಕ್ಕೆ? ನಮ್ಮ ಹುಡುಗ ಅಂಥವನಲ್ಲ ಮಾರಾಯ್ರೆ" ಎಂದರು. ಹಾಗಾದರೆ ಮಗಳಿಗೆ ಹಾಕಿಸಿದ್ದು ಅವಳು ಎಂಥವಳೆಂದುಕೊಂಡು ಎಂದು ಕೇಳಿದೆ. ಸುತ್ತಲಿನವರು ನಕ್ಕರು, ನನಗೆ ನಗು ಬರಲಿಲ್ಲ. ಲೈಂಗಿಕ ಜೀವನವಿರುವ ಬಹುಪಾಲು ಜನರಿಗೆ, ಗಂಡಾಗಲಿ ಹೆಣ್ಣಾಗಲಿ, ಬದುಕಿನಲ್ಲಿ ಒಮ್ಮೆಯಾದರೂ ತಗಲುವ ಸೋಂಕು ಇದು. ಗಂಡನೊಬ್ಬನನ್ನು ಬಿಟ್ಟು ಬೇರೆ ಸಂಬಂಧವೇ ಇಲ್ಲದ ಹೆಂಗಸರಿಗೂ ಬರುತ್ತದೆ. ಇದನ್ನು ನಡತೆಯ ಪ್ರಮಾಣಪತ್ರ ಮಾಡಿಕೊಂಡವರೊಡನೆ ಸೌಜನ್ಯದಿಂದ ಮಾತಾಡುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಈಗ ರೋಗನಿರೋಧಕ ಶಕ್ತಿಯ ವಿಷಯ. ಈ ವೈರಸ್ಸು ರಕ್ತಕ್ಕೆ ಇಳಿಯುವುದಿಲ್ಲ, ತಾನು ಸೇರಿಕೊಂಡ ಜೀವಕೋಶವನ್ನು ಒಡೆದು ಉರಿಯೂತ ಎಬ್ಬಿಸುವುದೂ ಇಲ್ಲ. ಚರ್ಮ ಮತ್ತು ಲೋಳೆಪೊರೆಯ ಪದರಗಳಲ್ಲೇ ಬೆಳೆದು, ಸಹಜವಾಗಿ ಉದುರುವ ಕೋಶಗಳ ಜೊತೆ ಹೊರಬೀಳುವುದರಿಂದ, ಕಾವಲಿನ ಕೋಶಗಳ ಕಣ್ಣಿಗೆ ಅದು ಬೀಳುವುದೇ ಕಡಿಮೆ. ಆದರೂ ಗರ್ಭಕಂಠದ ತೇವದ ಲೋಳೆಪೊರೆಯಲ್ಲಿ ಸೋಂಕಾದಾಗ ಅರ್ಧಕ್ಕಿಂತ ಹೆಚ್ಚು ಹೆಂಗಸರ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳು, ಕಾಣಿಸಿಕೊಳ್ಳುತ್ತವೆ. ಗಂಡಸರಲ್ಲಿ ಈ ಪ್ರಮಾಣ ಬಹಳ ಕಡಿಮೆ. ಶಿಶ್ನದ ಹೊರಚರ್ಮ ಒಣಗಿದ, ಗಡುಸಾದ ಚರ್ಮವಾಗಿರುವುದು ಇದಕ್ಕೆ ಒಂದು ಕಾರಣವೆಂದು ತಿಳಿಯಲಾಗಿದೆ, ಏಕೆಂದರೆ ಗುದದ್ವಾರದ ಲೋಳೆಪೊರೆಯಲ್ಲಿ ಸೋಂಕಾದ ಗಂಡಸರಲ್ಲಿ ಪ್ರತಿಕಾಯಗಳು ಹೆಚ್ಚಾಗಿಯೇ ಕಾಣುತ್ತವೆ. ಅಂದರೆ ಲಿಂಗಭೇದದಷ್ಟೇ, ಸೋಂಕು ತಗಲಿದ ಜಾಗವೂ ಲೆಕ್ಕಕ್ಕೆ ಬರುತ್ತದೆ.

ಹಾಗೆ ಬಂದ ಪ್ರತಿಕಾಯಗಳು ಹೆಂಗಸರಿಗೆ ಅದೇ ಬಗೆಯ ವೈರಸ್ಸಿನ ಮರುಸೋಂಕಿನಿಂದ ಪೂರ್ತಿಯಲ್ಲದಿದ್ದರೂ ಒಂದಿಷ್ಟು ರಕ್ಷಣೆ ಕೊಡುತ್ತವೆ. ಬ್ರೆಜಿಲ್, ಮೆಕ್ಸಿಕೊ ಮತ್ತು ಅಮೆರಿಕದ 4,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಅಂಥ ರಕ್ಷಣೆ ಕಂಡುಬರಲಿಲ್ಲ. ಅನೇಕ ದೇಶಗಳಲ್ಲಿ ಹೆಂಗಸರ ಸೋಂಕು ಎಳೆಯ ವಯಸ್ಸಿನಲ್ಲಿ ಏರಿ ಆಮೇಲೆ ಇಳಿದರೆ, ಗಂಡಸರಲ್ಲಿ ಅದು ವಯಸ್ಸಾದರೂ ಹೆಚ್ಚು ಇಳಿಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷದೊಳಗೆ ಇಬ್ಬರಲ್ಲೂ ತಾವಾಗಿ ಹೋಗುತ್ತವೆ, ನಿಜ. ಆದರೆ ಗಂಡಸಿನ ದೇಹ ಅದರ ನೆನಪನ್ನು ಇಟ್ಟುಕೊಳ್ಳುವುದು ಅಪರೂಪ. ಗಟ್ಟಿ ಎಂದು ಹೊಗಳಿದ ಶಕ್ತಿಯ ನಿಜಸ್ಥಿತಿ ಇದು. ಗಂಟಲು, ಶಿಶ್ನ ಮತ್ತು ಗುದದ್ವಾರದ ಕ್ಯಾನ್ಸರ್‌ಗಳಲ್ಲಿ ಈ ವೈರಸ್ಸಿನ ಪಾತ್ರವಿರುವುದರಿಂದ, ಅದು ಗಂಡಸರನ್ನು ಏನೂ ಮಾಡುವುದಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ.

ಲಸಿಕೆಯ ಮುಂದೆ ಈ ವ್ಯತ್ಯಾಸ ಉಳಿಯುವುದಿಲ್ಲ ಎಂಬುದೇ ನನ್ನ ಉತ್ತರದ ತಿರುಳು. ವೈರಸ್ಸಿನ ಹೊರಕವಚದ ಪ್ರೋಟೀನಿನಿಂದ ಮಾಡಿದ, ಒಳಗೆ ಅದರ ಡಿಎನ್‌ಎ ಇಲ್ಲದ ಟೊಳ್ಳು ಕಣಗಳನ್ನು ನೇರವಾಗಿ ಸ್ನಾಯುವಿಗೆ ಕೊಡುವುದರಿಂದ, ಚರ್ಮದ ಮರೆಯಲ್ಲಿ ಅಡಗಲು ಅಲ್ಲಿ ಅವಕಾಶವೇ ಇಲ್ಲ. ಹಾಗಾಗಿ ಹುಡುಗ, ಹುಡುಗಿ ಎನ್ನದೆ ಬಹುತೇಕ ಎಲ್ಲರಲ್ಲೂ ಪ್ರತಿಕಾಯಗಳು ಹುಟ್ಟುತ್ತವೆ. 9ರಿಂದ 15 ವರ್ಷದ ಹುಡುಗರಲ್ಲಂತೂ ಅವುಗಳ ಮಟ್ಟ 16 ದಾಟಿದ ಯುವತಿಯರಿಗಿಂತ ಕಡಿಮೆಯೇನಿಲ್ಲ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಆರಂಭಿಸಿದ ಲಸಿಕೆಯನ್ನು 2013ರಲ್ಲಿ ಹುಡುಗರಿಗೂ ವಿಸ್ತರಿಸಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಸರ್ವವ್ಯಾಕ್ ಕೂಡ ಇಬ್ಬರಿಗೂ ಒಪ್ಪಿಗೆ ಪಡೆದ ಲಸಿಕೆಯೇ. ಕೈಯಲ್ಲಿರುವ ಹಣ ಒಂದೇ ಮಗುವಿಗೆ ಸಾಲುವುದಾದರೆ ಮೊದಲು ಮಗಳಿಗೆ ಹಾಕಿಸಿ ಎನ್ನುತ್ತೇನೆ, ಏಕೆಂದರೆ ಗರ್ಭಕಂಠದ ಕ್ಯಾನ್ಸರ್ ಈ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಬರುತ್ತದೆ. ಇಬ್ಬರಿಗೂ ಹಾಕಿಸಲು ಶಕ್ತಿಯಿದ್ದವರು ಮಗನನ್ನು ಬಿಡಬೇಡಿ.

ಮದುವೆಯೂಟದ ಆ ಮಹನೀಯರ ಪಕ್ಕದಲ್ಲಿ ಅವರ ಹೆಂಡತಿಯೂ ಕುಳಿತಿದ್ದರು. ನಲವತ್ತರ ಆಸುಪಾಸಿನವರು. ನನ್ನನ್ನು ಕೇಳಬೇಕಾಗಿದ್ದುದು ಅವರ ವಿಚಾರ, ಅದನ್ನು ಯಾರೂ ಕೇಳುವುದಿಲ್ಲ. ಹೆಂಗಸರ ದೇಹ ವೈರಸ್ಸನ್ನು ಹೆಚ್ಚು ಗುರುತಿಸುತ್ತದೆ ಎಂದೆನಲ್ಲ, ಹಾಗೆ ಗುರುತಿಸಿಯೂ ಹೊರಹಾಕಲಾಗದೆ ಉಳಿದ ಸೋಂಕೇ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗುವುದು. ಈಗಾಗಲೇ ನೆಲೆಯೂರಿದ ಸೋಂಕನ್ನು ಲಸಿಕೆ ತೆಗೆದುಹಾಕುವುದಿಲ್ಲ. ಆ ವಯಸ್ಸಿನವರಿಗೆ ಬೇಕಾದದ್ದು ತಪಾಸಣೆ. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಕೆಲವೇ ನಿಮಿಷದ ಕೆಲಸ, ಫಲಿತಾಂಶ ಅಲ್ಲೇ ತಿಳಿಯುತ್ತದೆ. ಮಗನ ಲಸಿಕೆಯ ಬಗ್ಗೆ ಕೇಳಲು ಬರುವವರು ಮನೆಯಾಕೆ ಈ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ತಿಳಿದುಕೊಂಡು ಬನ್ನಿ.