ಬೆಕ್ಕಿನ ಹಿಕ್ಕೆಯಲ್ಲಿ ಬಸಿರಿನ ಲೆಕ್ಕ: 53ನೇ ದಿನ
ಶಿರಸಿ, ಜೂನ್ 20

ನಮ್ಮ ಮನೆಯ ಕರಿ ಬೆಕ್ಕು ಬೆದೆಗೆ ಬಂದು ಗಂಡಿನ ಜೊತೆ ಕೂಡಿದ್ದು ಏಪ್ರಿಲ್ 28ಕ್ಕೆ. ಅವಳ ಹಿಕ್ಕೆಯ ಹಾರ್ಮೋನು ಪರೀಕ್ಷೆಯ ಎರಡನೇ ಕಂತಿನ ರಿಸಲ್ಟ್ ನಿನ್ನೆ ಬಂತು. 46ರಿಂದ 49ನೇ ದಿನದ ಹಿಕ್ಕೆಯಲ್ಲಿ ಪ್ರೊಜೆಸ್ಟರಾನ್ (ಬಸಿರನ್ನು ಕಾಯುವ ಹಾರ್ಮೋನು) ಅಂಶ ಇನ್ನೂ ಜಾಸ್ತಿಯೇ ಇದೆ. ಸುಳ್ಳು ಬಸಿರಾಗಿದ್ದರೆ, ಅಂದ್ರೆ ಮರಿ ಕಟ್ಟದೆ ಹಾರ್ಮೋನು ಮಾತ್ರ ಏರಿದ್ದರೆ, ಅದು 40 ದಿನದ ಆಸುಪಾಸಿನಲ್ಲಿ ಇಳಿಯಬೇಕಿತ್ತು. ಅಂದ್ರೆ ಗಬ್ಬ ನಿಂತಿದೆ!

ಆಯಿ ಇದನ್ನು ಹೊಟ್ಟೆ ನೋಡಿಯೇ ಹೇಳಿದ್ದಳು. ಆದರೆ ನಾನು ಮುಂದೆ ಇದೇ ಪರೀಕ್ಷೆ ಮಾಡಬೇಕೆಂದಿರುವುದು ನಮ್ಮ ಜಿಲ್ಲೆಯ ಕಾಳಿ ಹುಲಿ ಕಾಡಿನಲ್ಲಿ, ಅಲ್ಲಿಯ ಹುಲಿಯ ಹೊಟ್ಟೆಯನ್ನು ಹಾಗೆ ನೋಡಲಾಗುವುದಿಲ್ಲ ಅಲ್ವಾ? ಬೆಕ್ಕಿನ ಜಾತಿಯಲ್ಲಿ ಈ ಹಾರ್ಮೋನು ಒಡೆದು, ಬಹುಪಾಲು ಪಿತ್ತದ ಜೊತೆ ಮಲಕ್ಕೇ ಸೇರುತ್ತದೆ. ಮೂತ್ರದಲ್ಲಿ ಸಿಗುವುದು ತೀರಾ ಕಡಿಮೆ. ಹಾಗಾಗಿ ಅರಿವಳಿಕೆ ಬೇಡ, ಸೂಜಿ ಬೇಡ, ಹಿಕ್ಕೆ ಸಾಕು. ಕಾಡಿನಲ್ಲಿ ಅದನ್ನು ಸುಮ್ನೆ ಎತ್ತಿಕೊಂಡು ಬರುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೇ ಕೈ ಪಳಗಲಿ ಅಂತ ಮನೆ ಬೆಕ್ಕಿನಿಂದ ಶುರು ಮಾಡಿದ್ದು.

ಮನೆಯಲ್ಲಿ ಇರುವುದು ಎರಡು ಬೆಕ್ಕು. ಯಾವುದರದ್ದು ಯಾವುದು ಅಂತ ಗೊತ್ತಾಗಬೇಕಲ್ಲ. ಮೃಗಾಲಯಗಳಲ್ಲಿ ಮಾಡುವ ಹಾಗೆ ಕರಿಯಳ ಮೀನನ್ನಕ್ಕೆ ಚಿಟಿಕೆ ಹಸಿರು ಬಣ್ಣ ಕಲಸುತ್ತೇನೆ, ಸಿಹಿ ತಿಂಡಿಗೆ ಹಾಕುವಂಥದ್ದು. ಮರುದಿನ ಬೆಕ್ಕುಗಳ ಹಿಕ್ಕೆಗೆಂದು ಇಟ್ಟ ಬೂದಿ ತಟ್ಟೆಯಲ್ಲಿ ಪಾಚಿ ಬಣ್ಣದ್ದು ಕಂಡರೆ ಅದು ಅವಳದ್ದು. ಕಡ್ಡಿಯಿಂದ ಒಳಭಾಗ ತೆಗೆದು, ಕೂದಲು ಬಿಡಿಸಿ, ಡಬ್ಬಿಗೆ ಹಾಕಿ ತಾರೀಖು, ಹೊತ್ತು ಬರೆದು ಫ್ರೀಜರಿಗೆ. ಒಣಗಿಸುವುದು, ಪುಡಿ ಮಾಡಿ ಮೆಥನಾಲಿನಲ್ಲಿ ಕುಲುಕಿ ಹಾರ್ಮೋನು ಬಿಡಿಸುವುದು, ಅಳೆಯುವುದು ಎಲ್ಲ ಗೆಳತಿಯ ಲ್ಯಾಬಿನಲ್ಲಿ.

ಬೇಜಾರಿನ ವಿಷಯ ಒಂದಿದೆ. 11ರ ರಾತ್ರಿ ಜಡಿಮಳೆಗೆ ಹೋದ ಕರೆಂಟ್ ಬಂದದ್ದು 13ಕ್ಕೆ. ಎಂಟು ಡಬ್ಬಿ ಕರಗಿ ನೀರಾಗಿದ್ದವು. ಕರಗಿದ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಹಾರ್ಮೋನಿನ ಅಂಶವನ್ನೇ ಬದಲಾಯಿಸಿಬಿಡುತ್ತವೆ, ಅಳತೆ ನಂಬುವ ಹಾಗಿಲ್ಲ. ಎಲ್ಲ ಎಸೆದೆ. ಹೋದದ್ದು 37ರಿಂದ 44ನೇ ದಿನದವು. ಸುಳ್ಳು ಬಸಿರೋ ನಿಜವೋ ಅಂತ ಗೆರೆ ಕವಲೊಡೆಯುವ ವಾರವೇ ಅದು. ಗ್ರಾಫಿನಲ್ಲಿ ಅಲ್ಲಿ ಖಾಲಿ. ತುಂಬಾ ಸಂಕಟವಾಯಿತು. ಈಗ ಪ್ರತಿ ಹಿಕ್ಕೆಯನ್ನೂ ಎರಡು ಪಾಲು ಮಾಡಿ, ಒಂದನ್ನು ಆಲ್ಕೋಹಾಲಿನಲ್ಲಿ ಮುಳುಗಿಸಿಡುತ್ತಿದ್ದೇನೆ.

ಮುಂದೆ ನೋಡಬೇಕಾದ್ದು ಪಿಜಿಎಫ್‌ಎಂ. ಬಸಿರಿನ ಕೊನೆಯ ಮೂರನೇ ಒಂದು ಭಾಗದಲ್ಲಿ ಹಿಕ್ಕೆಯಲ್ಲಿ ಏರುವ ಇನ್ನೊಂದು ವಸ್ತು ಅದು, ಸುಳ್ಳು ಬಸಿರಿನಲ್ಲಿ ಏರುವುದಿಲ್ಲ. ಹುಲಿಯ ಬಸಿರು ಸುಮಾರು ಮೂರೂವರೆ ತಿಂಗಳು. ಕಾಡಿನಲ್ಲಿ ಅಷ್ಟು ದಿನವೂ ಒಂದೇ ಹುಲಿಯ ಹಿಕ್ಕೆ ಎಲ್ಲಿ ಸಿಗಬೇಕು? ಸಿಕ್ಕ ಒಂದೆರಡರಲ್ಲೇ ಹೇಳಬೇಕಾದಾಗ ಇದೇ ಆಸರೆ. ಅದನ್ನು ಅಳೆಯುವ ಕಿಟ್ ಇನ್ನೂ ಬಂದಿಲ್ಲ. ಜುಲೈ 2ರ ಹೊತ್ತಿಗೆ ಕರಿಯಳು ಮರಿ ಹಾಕಬಹುದು, ಅಲ್ಲಿಯವರೆಗೆ ದಿನಾ ಎರಡು ಡಬ್ಬಿ.