ಎಲ್ಲದಕ್ಕೂ ‘ಹಠ’ ಅಂದರೆ ಮಗುವಿಗೆ ಏನು ತಿಳಿಯುತ್ತೆ?

ಎರಡು ವರ್ಷದ ಮಗು ನೆಲದ ಮೇಲೆ ಬಿದ್ದು ಹೊರಳಾಡಿದರೆ ಮನೆಮಂದಿ ಬಾಯಲ್ಲಿ ಬರುವುದು ಒಂದೇ ಮಾತು: ಹಠ. ಹಸಿದು ಅತ್ತರೂ ಹಠ, ನಿದ್ದೆಗೆಟ್ಟು ಅತ್ತರೂ ಹಠ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಕೋತಿ ಕಂಡು ಬೆದರಿ ಅಮ್ಮನ ಸೆರಗು ಬಿಡದಿದ್ದರೆ ಅದೂ ಹಠ! ಹಠ ಅನ್ನೋದು ದೊಡ್ಡವರ ದೂರು. ತನ್ನೊಳಗೆ ಏನಾಗ್ತಿದೆ ಅಂತ ಮಗುವಿಗೆ ಅದರಿಂದ ಗೊತ್ತಾಗಲ್ಲ.

ಆ ಭಾವನೆಗೆ ಅದರದೇ ಹೆಸರು ಹೇಳಿಕೊಡಿ. ಶುರುವಿಗೆ ನಾಲ್ಕು ಪದ ಸಾಕು: ಖುಷಿ, ಕೋಪ, ಭಯ, ಬೇಜಾರು. ಬಾಯಲ್ಲಿ ಹೇಳೋದಕ್ಕಿಂತ ಮೊದಲೇ ಮಕ್ಕಳಿಗೆ ಇವು ಅರ್ಥವಾಗುತ್ತವೆ. ನಾಚಿಕೆ, ಹೊಟ್ಟೆಕಿಚ್ಚು ಎಲ್ಲ ಆಮೇಲೆ. ಕೋಲಾರದ ಕಡೆ ಅಜ್ಜಿ ತೆಲುಗು, ಅಮ್ಮ ಕನ್ನಡ ಆಡುವ ಮನೆಗಳು ಬೇಕಾದಷ್ಟಿವೆ. ಮಗುವಿಗೆ ಗಲಿಬಿಲಿಯಾಗುತ್ತೆ ಅನ್ನೋ ಚಿಂತೆ ಬೇಡ. ಕನ್ನಡದ ಕೋಪ ತೆಲುಗಲ್ಲಿ ಕೋಪಂ, ಭಯ ಭಯಂ. ಅಜ್ಜಿ ತಮ್ಮ ಮಾತಲ್ಲೇ ಹೇಳಲಿ.

ಹೇಳುವಾಗ ಕುಕ್ಕರಗಾಲಲ್ಲಿ ಕೂತು ಮಗುವಿನ ಮುಖಕ್ಕೆ ಮುಖ ಕೊಡಿ. ಕಾರಣ, ಅದರ ಬೆನ್ನಿಗೇ ಹೆಸರು, ಎರಡೂ ಒಂದೇ ಉಸಿರಲ್ಲಿ: “ಅಣ್ಣ ಬಸ್ಸು ಕಿತ್ಕೊಂಡ, ನಿಂಗೆ ಕೋಪ ಬಂತು.” ಅಷ್ಟು ಹೇಳಿ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ಸುಮ್ಮನಿರಿ. ಈ ಸುಮ್ಮನಿರೋದೇ ಕಷ್ಟ. ಹೊಡೆಯೋಕೆ ಕೈ ಎತ್ತಿದರೆ ಮೆತ್ತಗೆ ಕೈ ಹಿಡಿದು, “ಕೋಪ ಬರ್ಲಿ, ಹೊಡೆಯೋ ಹಾಗಿಲ್ಲ.”

ಕಿರುಚಾಟ ಜೋರಾಗಿರುವಾಗ ಈ ಪಾಠ ನಡೆಯಲ್ಲ, ಮಾತು ತಲೆಗೇ ಹೋಗಲ್ಲ. ಎತ್ತಿಕೊಂಡು ಬೆನ್ನು ಸವರಿ; ಬಿಕ್ಕಳಿಕೆ ನಿಧಾನವಾದ ಮೇಲೆ ಹೆಸರು ಹೇಳಿ. “ಯಾಕೋ ಅಳ್ತೀಯಾ?” ಅಂತ ಕೇಳಿಯೂ ಪ್ರಯೋಜನವಿಲ್ಲ. ಕಾರಣ ಬಿಡಿಸಿ ಹೇಳುವಷ್ಟು ಮಾತು ಇನ್ನೂ ಬಂದಿರಲ್ಲ. ನೀವೇ ಊಹಿಸಿ. ತಪ್ಪಿದ್ದರೆ ಮಗು ಇನ್ನಷ್ಟು ರೇಗುತ್ತೆ, ಇಲ್ಲ ತಲೆ ಅಲ್ಲಾಡಿಸುತ್ತೆ. ಬೇರೆ ಪದ ಹೇಳಿ ನೋಡಿ.

ಮಗು ಎಡವಿ ಬಿದ್ದಾಗ ನೆಲಕ್ಕೇ ಎರಡೇಟು ಹಾಕಿ ಸಮಾಧಾನ ಮಾಡುವ ಅಭ್ಯಾಸ ನನಗಂತೂ ಹಿಡಿಸಲ್ಲ. ನೋವಾದರೆ ಯಾರಿಗಾದರೂ ಹೊಡೀಬೇಕು ಅಂತ ಕಲಿಸಿದ ಹಾಗಾಯ್ತು. “ಮಂಡಿಗೆ ನೋವಾಯ್ತು, ಭಯಾನೂ ಆಯ್ತು ಅಲ್ವಾ ಚಿನ್ನಿ?” ಅಂದರೆ ಸಾಕು.

ಸ್ನಾನ ಆದಮೇಲೆ ಕನ್ನಡಿ ಮುಂದೆ ಎರಡು ನಿಮಿಷ ಒಂದೊಂದೇ ಮುಖ ಮಾಡಿ ಆಡಿಸಿ: ಹುಬ್ಬು ಗಂಟಿಕ್ಕಿದರೆ ಕೋಪ, ತುಟಿ ಜೋತುಬಿದ್ದರೆ ಬೇಜಾರು.

ಪದ ಹೊಸದಾಗಿ ಸಿಕ್ಕಾಗ ಕೆಲವು ದಿನ ಮಗು ಎಲ್ಲದಕ್ಕೂ ಅದನ್ನೇ ಬಳಸಬಹುದು. ಬಿಸ್ಕತ್ತಿನ ಡಬ್ಬ ತೆಗೆಯೋಕೆ ಆಗದಿದ್ದರೂ “ಭಯ”. ನಗಬೇಡಿ. “ಮುಚ್ಚಳ ಬರ್ತಿಲ್ವಾ? ಬೇಜಾರಾಯ್ತಾ?” ಅಂತ ಕೇಳಿ, ಡಬ್ಬ ತೆಗೆದುಕೊಡಿ.